ಬಲಿಪೀಠಕ್ಕೆ ಮೇಣ, ಅಡುಗೆಮನೆಗೆ ಜೇನು

ಆಗಮನ ಕಾಲದ ಮೊದಲ ಭಾನುವಾರ ಬಂತೆಂದರೆ ಜರ್ಮನಿಯ ಕ್ರೈಸ್ತ ಮನೆಗಳಲ್ಲಿ ಎರಡು ಕಾರ್ಯಗಳು ಜೊತೆಜೊತೆಯಾಗಿ ನಡೆಯುತ್ತವೆ. ಹಸಿರು ಕೊಂಬೆಗಳನ್ನು ಹೆಣೆದು ಮಾಡಿದ ಮಾಲೆಯ ಮೇಲೆ ನಿಲ್ಲಿಸಿದ ನಾಲ್ಕು ಮೇಣದ ಬತ್ತಿಗಳಲ್ಲಿ ಮೊದಲನೆಯದನ್ನು ಹೊತ್ತಿಸುವುದು ಒಂದು. ಚಕ್ಕೆ, ಲವಂಗ, ಏಲಕ್ಕಿಗಳನ್ನು ಕುಟ್ಟಿ, ಜೇನು ಬೆರೆಸಿದ ಹಿಟ್ಟನ್ನು ಕಲಸಿ, ಕ್ರಿಸ್‌ಮಸ್ ಬಿಸ್ಕತ್ತುಗಳನ್ನು ಬೇಯಿಸುವುದು ಇನ್ನೊಂದು. ಮೊದಲನೆಯದು ಪ್ರಾರ್ಥನೆ, ಎರಡನೆಯದು ಅಡುಗೆ ಎಂದು ನಾವು ಸುಲಭವಾಗಿ ವಿಂಗಡಿಸಿಬಿಡುತ್ತೇವೆ. ಆದರೆ ಈ ಬಿಸ್ಕತ್ತುಗಳ ಚರಿತ್ರೆಯನ್ನು ತುಸು ಕೆದಕಿ ನೋಡಿದವರಿಗೆ ಆ ವಿಂಗಡಣೆ ಅಷ್ಟು ಸರಳವಲ್ಲವೆಂದು ಮನವರಿಕೆಯಾಗುತ್ತದೆ.

ಬೆಂದ ಹಿಟ್ಟಿನ ಒಂದು ತುಂಡಿಗೂ ನಮ್ಮ ವಿಶ್ವಾಸಕ್ಕೂ ಏನು ಸಂಬಂಧವೆಂದು ಓದುಗ ಬಾಂಧವರು ಕೇಳಬಹುದು. ಆ ಸಂಬಂಧವನ್ನು ಕಟ್ಟಿದವರು ಪಂಡಿತರಲ್ಲ. ಮಠಗಳ ಸನ್ಯಾಸಿಗಳು, ಜೇನು ಕೀಳುವ ಕಾಡಿನ ಜನರು, ಮೇಣದ ಬತ್ತಿ ಮಾಡುವ ಕಸುಬುದಾರರು ಹಾಗೂ ಮನೆಯ ತಾಯಂದಿರು ಅದನ್ನು ಕಟ್ಟಿದರು. ಅವರ ಕಥೆಯನ್ನು ಈ ವಾರ ಹೇಳಬಯಸುತ್ತೇವೆ.

ಒಂದೇ ಗೂಡಿನ ಎರಡು ಕೊಡುಗೆಗಳು

ಜರ್ಮನ್ ಕ್ರಿಸ್‌ಮಸ್ ಬಿಸ್ಕತ್ತುಗಳಲ್ಲಿ ಹಿರಿಯಣ್ಣನೆನಿಸಿಕೊಂಡಿರುವುದು ಲೆಬ್‌ಕೂಖನ್. ಜೇನು, ಹಿಟ್ಟು, ಸಂಬಾರ ಪದಾರ್ಥಗಳು, ಬಾದಾಮಿಯಂಥ ಬೀಜಗಳು ಹಾಗೂ ಸಕ್ಕರೆ ಪಾಕದಲ್ಲಿ ಅದ್ದಿ ಒಣಗಿಸಿದ ಕಿತ್ತಳೆ ಸಿಪ್ಪೆ ಸೇರಿ ಅದು ರೂಪುಗೊಳ್ಳುತ್ತದೆ. ಅದರ ತವರೆಂದು ಪ್ರಖ್ಯಾತವಾಗಿರುವ ನ್ಯೂರೆಂಬರ್ಗ್ ನಗರದ ದಾಖಲೆಗಳಲ್ಲಿ ಲೆಬ್‌ಕೂಖನ್ ಮಾಡುವ ಕಸುಬುದಾರನ ಉಲ್ಲೇಖ 1395ರಷ್ಟು ಹಿಂದೆಯೇ ದೊರೆಯುತ್ತದೆ. 1643ರಲ್ಲಿ ಆ ಕಸುಬಿನವರು ತಮ್ಮದೇ ಆದ ಪ್ರತ್ಯೇಕ ಸಂಘವನ್ನು ಪಡೆದರು. ಇಂದು ನ್ಯೂರೆಂಬರ್ಗ್ ಲೆಬ್‌ಕೂಖನ್ ಎಂಬ ಹೆಸರಿಗೆ ಯುರೋಪಿನ ಕಾನೂನಿನ ರಕ್ಷಣೆಯಿದೆ. 1996ರಿಂದ ಆ ನಗರದಲ್ಲಿ ತಯಾರಾದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ.

ನ್ಯೂರೆಂಬರ್ಗಿಗೆ ಈ ಕೀರ್ತಿ ಬಂದುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನಗರವನ್ನು ಸುತ್ತುವರಿದಿದ್ದ ಚಕ್ರವರ್ತಿಯ ಕಾಡು ಜೇನಿನ ಭಂಡಾರವಾಗಿತ್ತು. ಆ ಕಾಡಿನ ಜೇನು ಕಸುಬುದಾರರಿಗೆ 1350ರಲ್ಲಿ ನಾಲ್ಕನೆಯ ಚಾರ್ಲ್ಸ್ ವಿಶೇಷ ಹಕ್ಕುಗಳನ್ನು ದಯಪಾಲಿಸಿದ್ದನು. ಎರಡನೆಯದಾಗಿ, ವೆನಿಸ್ ನಗರದಿಂದ ಆಲ್ಪ್ಸ್ ಪರ್ವತಗಳನ್ನು ದಾಟಿ ಉತ್ತರಕ್ಕೆ ಸಾಗುತ್ತಿದ್ದ ಸಂಬಾರ ವ್ಯಾಪಾರದ ಹಾದಿಯಲ್ಲಿ ನ್ಯೂರೆಂಬರ್ಗ್ ಪ್ರಮುಖ ಪೇಟೆಯಾಗಿತ್ತು. ಕಾಡಿನ ಜೇನು ಮತ್ತು ಕಡಲಾಚೆಯ ಮೆಣಸು ಒಂದೇ ಊರಿನಲ್ಲಿ ಸಂಧಿಸಿದುದರ ಫಲವೇ ಈ ತಿನಿಸು.

ಜೇನಿನ ಜೊತೆಗೆ ಮೇಣವೂ ಬರುತ್ತದಲ್ಲವೇ? ಬವೇರಿಯ ಮತ್ತು ಆಸ್ಟ್ರಿಯಗಳಲ್ಲಿ ಬಹುಕಾಲ ಜೇನುರೊಟ್ಟಿ ಮಾಡುವವನೂ ಮೇಣದ ಬತ್ತಿ ಮಾಡುವವನೂ ಒಬ್ಬನೇ ಆಗಿದ್ದನು. ಗೂಡನ್ನು ಹಿಂಡಿದರೆ ಬರುವ ಜೇನು ಅವನ ಒಲೆಗೆ ಹೋಗುತ್ತಿತ್ತು. ಉಳಿದ ಮೇಣ ದೇವಾಲಯದ ಬತ್ತಿಯಾಗುತ್ತಿತ್ತು. ಯಾತ್ರಾಸ್ಥಳಗಳಲ್ಲಿ ಅವನ ಅಂಗಡಿಗೆ ಬಂದ ಯಾತ್ರಿಕರು ಮಾತೆ ಮರಿಯಮ್ಮನವರ ಮುಂದೆ ಹಚ್ಚಲು ಒಂದು ಬತ್ತಿಯನ್ನೂ, ಮನೆಯಲ್ಲಿ ಕಾದಿರುವ ಮಕ್ಕಳಿಗೆ ಒಂದು ಜೇನುರೊಟ್ಟಿಯನ್ನೂ ಕೊಂಡುಹೋಗುತ್ತಿದ್ದರು. ಬಲಿಪೀಠದ ಬೆಳಕೂ ಮಗುವಿನ ನಾಲಗೆಯ ಸಿಹಿಯೂ ಒಂದೇ ಗೂಡಿನಿಂದ ಬಂದವುಗಳೆಂಬುದನ್ನು ಆ ಜನರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

ಜೇನು ಸಾಕುವವರ ಹಾಗೂ ಮೇಣದ ಬತ್ತಿ ಮಾಡುವವರ ಪಾಲಕ ಸಂತರು ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು. ಅವರು ಹುಟ್ಟಿದ್ದು ಇಂದಿನ ಜರ್ಮನಿಗೆ ಸೇರಿದ ಟ್ರಿಯರ್ ನಗರದಲ್ಲಿ. ತೊಟ್ಟಿಲಲ್ಲಿ ಮಲಗಿದ್ದ ಶಿಶುವಿನ ಬಾಯಿಯ ಮೇಲೆ ಜೇನುನೊಣಗಳ ಹಿಂಡು ಬಂದು ಕುಳಿತು ಏನೂ ಕೇಡು ಮಾಡದೆ ಹೋಯಿತೆಂದು ಐತಿಹ್ಯ. ಅವರ ಹಬ್ಬ ಡಿಸೆಂಬರ್ 7ರಂದು, ಆಗಮನ ಕಾಲದ ನಡುವೆಯೇ ಬರುತ್ತದೆ. ಬಿಸ್ಕತ್ತಿಗೆ ಹಿಟ್ಟು ಕಲಸುವ ಮನೆಯವರು ಅಂದು ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಕೆಳಗಿರುವ ಬಿಳಿಯ ಹಾಳೆ

ಲೆಬ್‌ಕೂಖನ್ನಿನ ಕೆಲವು ಬಗೆಗಳನ್ನು ಮಗುಚಿ ನೋಡಿದರೆ ಅಡಿಯಲ್ಲಿ ತೆಳುವಾದ ಬಿಳಿಯ ಹಾಳೆಯೊಂದು ಅಂಟಿಕೊಂಡಿರುತ್ತದೆ. ಅದನ್ನು ಕೀಳಬೇಕಾಗಿಲ್ಲ, ಬಿಸ್ಕತ್ತಿನೊಂದಿಗೇ ತಿನ್ನಬಹುದು. ಹಿಟ್ಟು ಮತ್ತು ನೀರಿನಿಂದ ಮಾಡಿದ ಆ ಹಾಳೆಯನ್ನು ಜರ್ಮನ್ ಭಾಷೆಯಲ್ಲಿ ಓಬ್ಲಾಟೆ ಎನ್ನುತ್ತಾರೆ. ಅರ್ಪಿತವಾದದ್ದು ಎಂಬ ಅರ್ಥದ ಲತೀನ್ ಪದದಿಂದ ಅದು ಬಂದಿದೆ. ಹೌದು, ಬಲಿಪೂಜೆಯಲ್ಲಿ ಬಳಸುವ ರೊಟ್ಟಿಗೂ ಅದೇ ಹೆಸರು.

ಮಠಗಳ ಅಡುಗೆಮನೆಗಳಲ್ಲಿ ಬಲಿಪೂಜೆಯ ರೊಟ್ಟಿಯನ್ನು ಬೇಯಿಸುವುದು ನಿತ್ಯದ ಕೆಲಸವಾಗಿತ್ತು. ಜೇನು ಬೆರೆತ ಅಂಟು ಹಿಟ್ಟು ತಟ್ಟೆಗೆ ಕಚ್ಚಿಕೊಳ್ಳದಿರಲೆಂದು ಅಂಥದೇ ತೆಳುಹಾಳೆಯ ಮೇಲೆ ಅದನ್ನಿಟ್ಟು ಬೇಯಿಸುವ ಉಪಾಯವನ್ನು ಸನ್ಯಾಸಿಗಳು ಕಂಡುಕೊಂಡರೆಂದು ಹೇಳಲಾಗುತ್ತದೆ. ಇಲ್ಲಿ ಒಂದು ವಿವೇಚನೆ ಅಗತ್ಯ. ಬಿಸ್ಕತ್ತಿನ ಅಡಿಯಲ್ಲಿರುವುದು ಬರಿಯ ಹಾಳೆ. ಅಭಿಷೇಕ ಹೊಂದಿದ ಗುರುವಿನ ಕೈಯಲ್ಲಿ ಪರಮಪ್ರಸಾದವಾಗುವ ರೊಟ್ಟಿಗೂ ಇದಕ್ಕೂ ಆಕಾಶಭೂಮಿಗಳ ಅಂತರವಿದೆ. ಆದರೂ ಬಲಿಪೀಠದ ಕೆಲಸವನ್ನು ಅರಿತ ಕೈಗಳೇ ಊಟದ ಮೇಜಿನ ಕೆಲಸವನ್ನೂ ಮಾಡಿದವೆಂಬುದಕ್ಕೆ ಆ ಹಾಳೆ ಸಾಕ್ಷಿಯಾಗಿ ಉಳಿದಿದೆ.

ಈ ಹಾಳೆಯ ಮೇಲೆ ಬೇಯುವ ಬಗೆಗಳಲ್ಲಿ ಎಲೀಸನ್ ಲೆಬ್‌ಕೂಖನ್ ಅತ್ಯುತ್ತಮವೆಂದು ಹೆಸರಾಗಿದೆ. ಅದರಲ್ಲಿ ಬಾದಾಮಿ, ಹೇಜಲ್ ಬೀಜ ಅಥವಾ ಅಕ್ರೋಟು ಶೇಕಡ 25ಕ್ಕಿಂತ ಕಡಿಮೆ ಇರಕೂಡದು. ಹಿಟ್ಟು ಶೇಕಡ 10ನ್ನು ಮೀರಕೂಡದು ಎಂಬುದು ಜರ್ಮನಿಯ ನಿಯಮ.

ಬೆಣ್ಣೆಯಿಲ್ಲದ ಸಿಹಿ

ಹಳೆಯ ಕಾಲದ ಲೆಬ್‌ಕೂಖನ್ನಿನಲ್ಲಿ ಬೆಣ್ಣೆಯಿಲ್ಲ. ಇದರ ಹಿಂದೆ ಧರ್ಮಸಭೆಯ ಒಂದು ಶಿಸ್ತಿದೆ. ಮಧ್ಯಯುಗದಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳು ಉಪವಾಸದ ಕಾಲವಾಗಿದ್ದವು. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬ ಕಳೆದ ಬಳಿಕ ಮಾಂಸ ಮಾತ್ರವಲ್ಲದೆ ಹಾಲು, ಬೆಣ್ಣೆ, ಮೊಟ್ಟೆಗಳನ್ನೂ ತ್ಯಜಿಸುವ ಪದ್ಧತಿ ಅನೇಕ ಕಡೆ ಇತ್ತು. ಜೇನಿಗೂ ಹಿಟ್ಟಿಗೂ ಸಂಬಾರಗಳಿಗೂ ಅಂಥ ನಿಷೇಧವಿರಲಿಲ್ಲ. ಚಳಿಯಲ್ಲಿ ದುಡಿಯುವ ದೇಹಕ್ಕೆ ಕಸುವು ಕೊಡುವ, ಉಪವಾಸವನ್ನು ಮುರಿಯದ ಆಹಾರವಾಗಿ ಜೇನುರೊಟ್ಟಿ ಜನರಿಗೆ ಒದಗಿಬಂತು.

ಇದೇ ಕಾಲದ ಇನ್ನೊಂದು ತಿನಿಸಾದ, ಡ್ರೆಸ್ಡೆನ್ ನಗರದ ಸ್ಟೋಲನ್ ಎಂಬ ರೊಟ್ಟಿ ಬೆಣ್ಣೆಯಿಲ್ಲದೆ ಒಣಕಲಾಗಿರುತ್ತಿತ್ತು. ಸ್ಯಾಕ್ಸನಿಯ ದೊರೆಗಳು ರೋಮಿಗೆ ಮನವಿ ಸಲ್ಲಿಸಿದರು. 15ನೆಯ ಶತಮಾನದ ಕೊನೆಯಲ್ಲಿ ಜಗದ್ಗುರು ಎಂಟನೆಯ ಇನ್ನೊಸೆಂಟರು, ಕಾಣಿಕೆ ಸಲ್ಲಿಸಬೇಕೆಂಬ ಷರತ್ತಿನೊಡನೆ, ಬೆಣ್ಣೆ ಬಳಸಲು ಅನುಮತಿಯಿತ್ತರು. ಆ ಪತ್ರ ಚರಿತ್ರೆಯಲ್ಲಿ ಬೆಣ್ಣೆಯ ಪತ್ರವೆಂದೇ ಹೆಸರಾಗಿದೆ. ಓದಿದರೆ ನಗು ಬರುತ್ತದೆ. ಆದರೆ ನಗುವ ಮುನ್ನ ಒಂದು ಮಾತನ್ನು ಯೋಚಿಸೋಣ: ಒಂದು ಚಮಚ ಬೆಣ್ಣೆಗಾಗಿ ರೋಮಿನ ಅನುಮತಿ ಕೇಳುವಷ್ಟು ಗಂಭೀರವಾಗಿ ಆ ಜನರು ಆಗಮನ ಕಾಲವನ್ನು ಪರಿಗಣಿಸಿದ್ದರು. ಇಂದು ನಾವು ಆ ನಾಲ್ಕು ವಾರಗಳನ್ನು ಯಾವುದಕ್ಕಾಗಿ ವಿನಿಯೋಗಿಸುತ್ತಿದ್ದೇವೆ?

ಅಚ್ಚು ಮತ್ತು ಹಿಟ್ಟು

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ದ್ರವ್ಯ ಮತ್ತು ರೂಪಗಳ ವಿಚಾರ ಪರಿಚಿತ. ಆತ್ಮ ಮತ್ತು ದೇಹ ಒಂದೇ ಹೌದೋ ಅಲ್ಲವೋ ಎಂದು ಕೇಳುವುದು, ಮೇಣ ಮತ್ತು ಅದರ ಮೇಲೆ ಒತ್ತಿದ ಆಕಾರ ಒಂದೇ ಹೌದೋ ಅಲ್ಲವೋ ಎಂದು ಕೇಳಿದಷ್ಟೇ ಅನಗತ್ಯವೆಂದು ಅರಿಸ್ಟಾಟಲ್ ಹೇಳುತ್ತಾನೆ. ಆ ಪಾಠವನ್ನು ಜರ್ಮನಿಯ ಅಡುಗೆಮನೆಯಲ್ಲಿ ಕಣ್ಣಾರೆ ಕಾಣಬಹುದು.

ರೈನ್ ನದಿಯ ಪ್ರದೇಶದಲ್ಲಿ ಪ್ರಸಿದ್ಧವಾದ ಸ್ಪೆಕುಲಾತ್ಸಿಯುಸ್ ಎಂಬುದು ತೆಳುವಾದ, ಗರಿಗರಿಯಾದ, ಚಕ್ಕೆ ಲವಂಗ ಏಲಕ್ಕಿಗಳ ಘಮವಿರುವ ಬಿಸ್ಕತ್ತು. ಮರದಲ್ಲಿ ಕೆತ್ತಿದ ಅಚ್ಚಿನೊಳಗೆ ಹಿಟ್ಟನ್ನು ಒತ್ತಿ, ಬಡಿದು ಹೊರತೆಗೆದು ಬೇಯಿಸುತ್ತಾರೆ. ಅಚ್ಚಿನಲ್ಲಿ ಬಹುಮಟ್ಟಿಗೆ ಕಾಣುವ ಆಕೃತಿ ದಂಡ ಹಿಡಿದು ನಿಂತ ಧರ್ಮಾಧ್ಯಕ್ಷರದು, ಅಂದರೆ ಸಂತ ನಿಕೋಲಾಸರದು. ಆ ಹೆಸರಿನ ಮೂಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಕನ್ನಡಿ ಎಂಬ ಅರ್ಥದ ಲತೀನ್ ಪದವೆಂದು ಕೆಲವರು. ಅಚ್ಚಿನಲ್ಲಿರುವುದು ಬಿಸ್ಕತ್ತಿನಲ್ಲಿ ಪ್ರತಿಬಿಂಬಿಸುತ್ತದಲ್ಲವೇ? ಮೇಲ್ವಿಚಾರಕ ಎಂಬ ಅರ್ಥದ ಪದವೆಂದು ಇನ್ನು ಕೆಲವರು. ಧರ್ಮಾಧ್ಯಕ್ಷರ ಕೆಲಸವೇ ಮೇಲ್ವಿಚಾರಣೆ. ಯಾವುದನ್ನು ಒಪ್ಪಿದರೂ ಅರ್ಥ ಚೆನ್ನಾಗಿಯೇ ಇದೆ.

ಡಿಸೆಂಬರ್ 5ರ ರಾತ್ರಿ ಮಕ್ಕಳು ತಮ್ಮ ಬೂಟುಗಳನ್ನು ತೊಳೆದು ಬಾಗಿಲ ಬಳಿ ಇಡುತ್ತಾರೆ. ಮರುದಿನ ಸಂತ ನಿಕೋಲಾಸರ ಹಬ್ಬದ ಬೆಳಿಗ್ಗೆ ಅದರೊಳಗೆ ಸೇಬು, ಬೀಜಗಳು, ಜೇನುರೊಟ್ಟಿಗಳು ಇರುತ್ತವೆ. ಸ್ವಾಬಿಯ ಪ್ರದೇಶದ ಸ್ಪ್ರಿಂಗರ್ಲೆ ಎಂಬ ಬಿಳಿಯ ಬಿಸ್ಕತ್ತನ್ನೂ ಹೀಗೆಯೇ ಅಚ್ಚೊತ್ತಿ, ಒಂದು ದಿನ ಒಣಗಲು ಬಿಟ್ಟು, ಅನಂತರ ಮಂದವಾದ ಶಾಖದಲ್ಲಿ ಬೇಯಿಸುತ್ತಾರೆ. ಓದು ಬಾರದ ಮಗುವೂ ಕೈಯಲ್ಲಿ ಹಿಡಿದು ನೋಡಬಹುದಾದ ಧರ್ಮೋಪದೇಶವಿದು.

ಮೆಣಸಿನ ಹಾದಿಯಲ್ಲಿ ನಮ್ಮ ಕರಾವಳಿ

ಲೆಬ್‌ಕೂಖನ್ನಿಗೆ ಜರ್ಮನಿಯ ಕೆಲವೆಡೆ ಮೆಣಸಿನ ರೊಟ್ಟಿ ಎಂಬ ಅರ್ಥ ಬರುವ ಹೆಸರಿದೆ. ಸ್ಯಾಕ್ಸನಿಯ ಪುಲ್ಸ್‌ನಿಟ್ಸ್ ಎಂಬ ಊರಿಗೆ ಅದನ್ನು ಬೇಯಿಸುವ ಹಕ್ಕು 1558ರಲ್ಲಿ ದೊರೆಯಿತು. ಇಂದಿಗೂ ಆ ಊರು ಅದಕ್ಕೆ ಹೆಸರುವಾಸಿ. ಆದರೆ ಅದರಲ್ಲಿ ಕಾಳುಮೆಣಸು ಇರಲೇಬೇಕೆಂದೇನೂ ಇಲ್ಲ. ಕಡಲಾಚೆಯಿಂದ ಬಂದ ಎಲ್ಲ ಸಂಬಾರಗಳನ್ನೂ ಆ ಕಾಲದ ಜನರು ಮೆಣಸು ಎಂಬ ಒಂದೇ ಪದದಿಂದ ಕರೆಯುತ್ತಿದ್ದರು. ಒಂಬತ್ತು ಬಗೆಯ ಸಂಬಾರ ಹಾಕುವ ವಾಡಿಕೆಯೂ ಇದೆ. ಮೂರರ ಮೂರು ಪಟ್ಟು ಒಂಬತ್ತು; ಅದು ತ್ರಿಯೇಕ ದೇವರ ಸ್ಮರಣೆಯೆಂದು ಹಿರಿಯರು ಅರ್ಥ ಹೇಳುವುದುಂಟು.

ಆ ಮೆಣಸಿನ ಹಾದಿ ನಮ್ಮ ಕರಾವಳಿಯನ್ನೂ ತಾಕಿತು. 1505ರಲ್ಲಿ ಫ್ರಾನ್ಸಿಸ್ಕೋ ದ ಅಲ್ಮೇಡನ ನಾಯಕತ್ವದಲ್ಲಿ ಲಿಸ್ಬನ್ನಿನಿಂದ ಹೊರಟ ಹಡಗುಪಡೆಯಲ್ಲಿ ಮೂರು ಹಡಗುಗಳಿಗೆ ಜರ್ಮನ್ ವರ್ತಕರು ಬಂಡವಾಳ ಹೂಡಿದ್ದರು. ಆಗ್ಸ್‌ಬರ್ಗಿನ ವೆಲ್ಸರ್ ಮತ್ತು ಫುಗ್ಗರ್ ಮನೆತನಗಳೊಂದಿಗೆ ನ್ಯೂರೆಂಬರ್ಗಿನ ಇಮ್‌ಹೋಫ್ ಹಾಗೂ ಹಿರ್ಶ್‌ಫೋಗೆಲ್ ಮನೆತನಗಳೂ ಅದರಲ್ಲಿದ್ದವು. ವೆಲ್ಸರರ ಪ್ರತಿನಿಧಿಯಾಗಿ ಬಂದ ಬಾಲ್ತಸಾರ್ ಸ್ಪ್ರಿಂಗರ್ ಆ ಯಾತ್ರೆಯ ವೃತ್ತಾಂತವನ್ನು ಬರೆದನು. ಅದು 1509ರಲ್ಲಿ ಮುದ್ರಣಗೊಂಡಿತು. ಆ ಪಡೆ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ಕೋಟೆ ಕಟ್ಟಿತು. ಬಳಿಕ ಹೊನ್ನಾವರದ ಮೇಲೆ ದಾಳಿ ಮಾಡಿ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು.

ಕ್ರಿಸ್‌ಮಸ್ ತಿನಿಸಿನ ಕಥೆಯಲ್ಲಿ ಇದನ್ನು ಹೇಳಬೇಕೇ ಎಂದು ಯಾರಾದರೂ ಕೇಳಿದರೆ, ಹೇಳಬೇಕೆಂಬುದೇ ನಮ್ಮ ಅಭಿಪ್ರಾಯ. ಶಿಲುಬೆಯ ಗುರುತುಳ್ಳ ಹಾಯಿಗಳ ಕೆಳಗೆ, ಸಂತರ ಹೆಸರು ಹೊತ್ತ ಹಡಗುಗಳಲ್ಲಿ ಬಂದವರು ಬೇರೆಯವರ ಬಂದರನ್ನು ಸುಟ್ಟು ಸಂಬಾರ ಒಯ್ದರೆಂಬುದು ಸತ್ಯ. ಸತ್ಯವನ್ನು ಮುಚ್ಚಿಟ್ಟು ಸಿಹಿಯನ್ನಷ್ಟೇ ಹಂಚಿದರೆ ಅದು ಶುಭಸಂದೇಶಕ್ಕೆ ಒಪ್ಪುವ ಹಂಚಿಕೆಯಾಗದು. ಇಂದಿಗೂ ಮಲೆನಾಡಿನ ಹಾಗೂ ಕೊಡಗಿನ ತೋಟಗಳಲ್ಲಿ ಮೆಣಸು, ಏಲಕ್ಕಿಗಳನ್ನು ಕೊಯ್ಯುವ ಕೈಗಳಿವೆ. ಡಬ್ಬಿಯಿಂದ ಚಿಟಿಕೆ ಏಲಕ್ಕಿ ಪುಡಿ ತೆಗೆಯುವಾಗ ಆ ಕೈಗಳಿಗೆ ನ್ಯಾಯವಾದ ಕೂಲಿ ಸಂದಿತೇ ಎಂದು ಒಂದು ಕ್ಷಣ ಯೋಚಿಸುವುದೂ ಆಗಮನ ಕಾಲದ ಆತ್ಮಶೋಧನೆಯ ಒಂದು ಭಾಗವೇ ಸರಿ.

ಸಂಬಾರಗಳಂತೆ ಸಿಹಿಯೂ ರಾಜಕೀಯದ ಕೈಗೆ ಸಿಕ್ಕಿದ್ದುಂಟು. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ವಿಧಿಸಿದಾಗ ಕಬ್ಬಿನ ಸಕ್ಕರೆ ದುರ್ಲಭವಾಯಿತು. ಆಖನ್ ನಗರದವರು ಕೈಕಟ್ಟಿ ಕೂರಲಿಲ್ಲ. ಬೀಟ್ ಗೆಡ್ಡೆಯ ಪಾಕವನ್ನು ಬಳಸಿ ತಮ್ಮ ಪ್ರಿಂಟನ್ ಎಂಬ ಬಿಸ್ಕತ್ತನ್ನು ಮುಂದುವರಿಸಿದರು. ಅದು ಇಂದಿಗೂ ಆ ಪಾಕದಿಂದಲೇ ತಯಾರಾಗುತ್ತದೆ.

ಅಡುಗೆಮನೆಗೂ ಬಂದ ಸರ್ಕಾರ

1933ರಿಂದ 1945ರವರೆಗೆ ಜರ್ಮನಿಯನ್ನಾಳಿದ ನಾಟ್ಸಿಗಳು ಕ್ರಿಸ್‌ಮಸ್ ಹಬ್ಬದಿಂದ ಕ್ರಿಸ್ತರನ್ನೇ ಹೊರಗಿಡಲು ಯತ್ನಿಸಿದರು. ಅದು ಪುರಾತನ ಜನಾಂಗದ ಚಳಿಗಾಲದ ಸೂರ್ಯೋತ್ಸವವೆಂದು ಪ್ರಚಾರ ಮಾಡಿದರು. ಬಾಲಯೇಸುವಿನ ಹೆಸರಿದ್ದ ಗೀತೆಗಳಿಗೆ ಬೇರೆ ಸಾಹಿತ್ಯ ಬರೆಸಿದರು. ಪಕ್ಷದ ಮಹಿಳಾ ಪತ್ರಿಕೆಯಂತೂ ಸೂರ್ಯಚಕ್ರ ಹಾಗೂ ಪುರಾತನ ರೂನ್ ಅಕ್ಷರಗಳ ಆಕಾರದಲ್ಲಿ ಬಿಸ್ಕತ್ತು ಮಾಡುವಂತೆ ಗೃಹಿಣಿಯರಿಗೆ ಸಲಹೆಯಿತ್ತಿತು.

ಅಪಾರ ಸೈನ್ಯವಿದ್ದ ಸರ್ಕಾರವೊಂದು ತಾಯಂದಿರ ಬಿಸ್ಕತ್ತಿನ ಆಕಾರದ ಬಗ್ಗೆ ಏಕೆ ತಲೆಕೆಡಿಸಿಕೊಂಡಿತು? ಮಗುವಿನ ಮನಸ್ಸಿನಲ್ಲಿ ಏನು ಅಚ್ಚೊತ್ತಬೇಕೆಂಬುದು ಶಾಲೆಗಿಂತ ಮೊದಲು, ದೇವಾಲಯಕ್ಕಿಂತಲೂ ಮೊದಲು ಅಡುಗೆಮನೆಯಲ್ಲಿ ನಿರ್ಧಾರವಾಗುತ್ತದೆಂದು ಅದಕ್ಕೆ ತಿಳಿದಿತ್ತು. ಕ್ರಿಸ್ತರ ಶತ್ರುಗಳಿಗೆ ತಿಳಿದಿದ್ದ ಈ ಸಂಗತಿ ಕ್ರಿಸ್ತರ ಅನುಯಾಯಿಗಳಾದ ನಮಗೆ ತಿಳಿದಿದೆಯೇ? ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದಾಗ ಅದು ಅಲಂಕಾರದ ಮಾತಾಗಿರಲಿಲ್ಲ. ತಂದೆತಾಯಿಗಳೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದು ಅದು ಸ್ಪಷ್ಟವಾಗಿ ಸಾರಿತು.

1945ರ ಜನವರಿ 2ರ ರಾತ್ರಿ ನಡೆದ ಬಾಂಬ್ ದಾಳಿಯಲ್ಲಿ ನ್ಯೂರೆಂಬರ್ಗಿನ ಹಳೆಯ ನಗರ ನೆಲಸಮವಾಯಿತು. ಯುದ್ಧದ ವರ್ಷಗಳಲ್ಲಿ ನಿಂತುಹೋಗಿದ್ದ ಅಲ್ಲಿನ ಬಾಲಯೇಸುವಿನ ಹೆಸರಿನ ಕ್ರಿಸ್‌ಮಸ್ ಸಂತೆ 1948ರಲ್ಲಿ ಭಗ್ನಾವಶೇಷಗಳ ನಡುವೆ ಮತ್ತೆ ತೆರೆಯಿತು. ಇಂದು ಜರ್ಮನಿಯ ಮನೆಗಳಲ್ಲಿ ಸೂರ್ಯಚಕ್ರದ ಬಿಸ್ಕತ್ತನ್ನು ಕೇಳುವವರಿಲ್ಲ. ದೇವದೂತ, ನಕ್ಷತ್ರ, ಸಂತ ನಿಕೋಲಾಸರ ಆಕೃತಿಗಳು ಉಳಿದಿವೆ.

ಆದರೆ ಇಂದಿನ ಅಪಾಯ ಬೇರೆ ತೆರನದು. ಜರ್ಮನಿಯ ದೊಡ್ಡ ಅಂಗಡಿಗಳಲ್ಲಿ ಲೆಬ್‌ಕೂಖನ್ ಪೊಟ್ಟಣಗಳು ಸೆಪ್ಟೆಂಬರ್ ತಿಂಗಳಿನಲ್ಲೇ, ಬಿಸಿಲಿರುವಾಗಲೇ ಬಂದು ಕೂರುತ್ತವೆ. ಕಾಯಬೇಕಾದ ವಸ್ತು ಕಾಯದೆಯೇ ಸಿಕ್ಕರೆ ಕಾಯುವುದನ್ನೇ ಮನುಷ್ಯ ಮರೆಯುತ್ತಾನೆ. ನಮ್ಮ ಊರುಗಳಲ್ಲೂ ಡಿಸೆಂಬರ್ ಒಂದರಿಂದಲೇ ಕ್ರಿಸ್‌ಮಸ್ ಕೂಟಗಳು ಮುಗಿದು, 25ರ ವೇಳೆಗೆ ಹಬ್ಬವೇ ಹಳಸಿದಂತಾಗುವುದನ್ನು ನಾವು ಕಾಣುತ್ತಿಲ್ಲವೇ?

ಮನೆಯಲ್ಲಿ ಮಾಡುವ ಬಗೆ

ಇಷ್ಟು ಹೇಳಿದ ಮೇಲೆ ಮಾಡುವ ವಿಧಾನವನ್ನು ಹೇಳದಿದ್ದರೆ ತಾಯಂದಿರು ನಮ್ಮನ್ನು ಕ್ಷಮಿಸಲಾರರು. ನಮ್ಮ ಕುಸ್ವಾರದ ತಟ್ಟೆಯಲ್ಲಿರುವ ಯಾವುದನ್ನೂ ಇದಕ್ಕಾಗಿ ಕೈಬಿಡಬೇಕಾಗಿಲ್ಲ. ಪಕ್ಕದಲ್ಲಿ ಇದಕ್ಕೂ ಒಂದಿಷ್ಟು ಜಾಗವಿರಲಿ.

300 ಗ್ರಾಂ ಜೇನು, 100 ಗ್ರಾಂ ಸಕ್ಕರೆ ಹಾಗೂ ಎರಡು ದೊಡ್ಡ ಚಮಚ ನೀರನ್ನು ಸಣ್ಣ ಉರಿಯಲ್ಲಿ ಸಕ್ಕರೆ ಕರಗುವವರೆಗೆ ಬಿಸಿ ಮಾಡಬೇಕು, ಕುದಿಸಬಾರದು. ಜೇನು ದುಬಾರಿಯೆನಿಸಿದರೆ ಅರ್ಧದಷ್ಟು ಗಟ್ಟಿ ಬೆಲ್ಲದ ಪಾಕವನ್ನು ಬಳಸಬಹುದು; ಆಖನ್‌ನವರ ದಾರಿಯೂ ಅದೇ ಅಲ್ಲವೇ? ಉಗುರುಬೆಚ್ಚಗಾದ ಮೇಲೆ 400 ಗ್ರಾಂ ಮೈದಾ ಸೇರಿಸಿ ಗಟ್ಟಿಯಾಗಿ ಕಲಸಿ, ಮುಚ್ಚಿ, ತಂಪಾದ ಸ್ಥಳದಲ್ಲಿಡಬೇಕು. ನಮ್ಮ ಹವೆಗೆ ಫ್ರಿಜ್ಜೇ ಕ್ಷೇಮ. ಒಂದು ರಾತ್ರಿಯಾದರೂ ಬೇಕು. ಒಂದು ವಾರವಾದರೆ ಉತ್ತಮ. ಜರ್ಮನಿಯ ಹಳೆಯ ಕಸುಬುದಾರರು ಜೇನು ಮತ್ತು ಹಿಟ್ಟನ್ನಷ್ಟೇ ಕಲಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಆ ಅವಧಿಯಲ್ಲಿ ಹಿಟ್ಟಿನೊಳಗೆ ನಿಧಾನವಾಗಿ ಹುಳಿ ಹುಟ್ಟುತ್ತದೆ. ಅನಂತರ ಸೇರಿಸುವ ಪೊಟ್ಯಾಶ್ ಕ್ಷಾರ ಆ ಹುಳಿಯೊಂದಿಗೆ ಕೂಡಿ ಅನಿಲವನ್ನು ಬಿಡುಗಡೆ ಮಾಡಿ ಬಿಸ್ಕತ್ತನ್ನು ಉಬ್ಬಿಸುತ್ತದೆ. ಕಾಯದಿದ್ದರೆ ಹುಳಿಯಿಲ್ಲ, ಹುಳಿಯಿಲ್ಲದಿದ್ದರೆ ಉಬ್ಬಿಲ್ಲ.

ಬೇಯಿಸುವ ದಿನ ಎರಡು ಚಿಕ್ಕ ಚಮಚ ಚಕ್ಕೆ ಪುಡಿ, ಅರ್ಧರ್ಧ ಚಮಚ ಲವಂಗ, ಏಲಕ್ಕಿ, ಕೊತ್ತಂಬರಿ ಬೀಜ, ಒಣಶುಂಠಿ ಮತ್ತು ಸೋಂಪಿನ ಪುಡಿ, ಕಾಲು ಕಾಲು ಚಮಚ ಜಾಯಿಕಾಯಿ ಮತ್ತು ಜಾಪತ್ರೆ, ಒಂದು ಚಿಟಿಕೆ ಕಾಳುಮೆಣಸು ಸೇರಿಸಿದರೆ ಒಂಬತ್ತಾಯಿತು. ಇದರೊಂದಿಗೆ 75 ಗ್ರಾಂ ತರಿಯಾಗಿ ಪುಡಿ ಮಾಡಿದ ಬಾದಾಮಿ, 50 ಗ್ರಾಂ ಪಾಕದ ಕಿತ್ತಳೆ ಸಿಪ್ಪೆ, ಒಂದು ಮೊಟ್ಟೆ, ಹಾಗೂ ಒಂದು ಚಮಚ ನೀರಿನಲ್ಲಿ ಕರಗಿಸಿದ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಚೆನ್ನಾಗಿ ನಾದಬೇಕು. ಮೊಟ್ಟೆ ಬೇಡದವರು ಮೂರು ದೊಡ್ಡ ಚಮಚ ಹಾಲು ಹಾಕಬಹುದು. ಹಿಟ್ಟು ಕಲ್ಲಿನಂತೆ ಗಟ್ಟಿಯಾಗಿರುವುದು ಸಹಜ. ಮನೆಯ ಗಂಡಸರು ಕೈಜೋಡಿಸಲು ಇದು ಒಳ್ಳೆಯ ಸಮಯ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಮಕ್ಕಳ ಕೈಗೆ ಅಚ್ಚುಗಳನ್ನು ಕೊಟ್ಟು ಕತ್ತರಿಸಲು ಬಿಟ್ಟು, 175 ಡಿಗ್ರಿ ಶಾಖದ ಓವನ್ನಿನಲ್ಲಿ 12ರಿಂದ 15 ನಿಮಿಷ ಬೇಯಿಸಬೇಕು. ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಬೇಕು, ಆರಿದಂತೆ ಗಟ್ಟಿಯಾಗುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ ಕಾಯಿಸಿ, ಒಳಗೆ ತಟ್ಟೆಯಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಪುಡಿಸಕ್ಕರೆಗೆ ನಿಂಬೆರಸ ಕಲಸಿ ಮೇಲೆ ಸವರಿದರೆ ಬಿಳಿಯ ಹೊದಿಕೆ ಬರುತ್ತದೆ.

ಚಕ್ಕೆ ನಕ್ಷತ್ರಗಳೆಂಬ ಇನ್ನೊಂದು ಬಗೆಯನ್ನು ಹಿಟ್ಟೇ ಇಲ್ಲದೆ ಮಾಡುತ್ತಾರೆ. ಮೂರು ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು 250 ಗ್ರಾಂ ಪುಡಿಸಕ್ಕರೆ ಸೇರಿಸಿ, ಸ್ವಲ್ಪ ತೆಗೆದಿಟ್ಟು, ಉಳಿದುದಕ್ಕೆ ಸುಮಾರು 350 ಗ್ರಾಂ ಬಾದಾಮಿ ಪುಡಿ ಮತ್ತು ಎರಡು ಚಮಚ ಚಕ್ಕೆ ಪುಡಿ ಬೆರೆಸಿ, ನಕ್ಷತ್ರಗಳಾಗಿ ಕತ್ತರಿಸಿ, ತೆಗೆದಿಟ್ಟ ನೊರೆಯನ್ನು ಮೇಲೆ ಬಳಿದು 150 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿದರೆ ಸಾಕು.

ಎರಡು ಎಚ್ಚರಿಕೆಗಳಿವೆ. ಒಂದು ವರ್ಷ ತುಂಬದ ಕೂಸುಗಳಿಗೆ ಜೇನು ಸೇರಿದ ಯಾವ ತಿನಿಸನ್ನೂ ಕೊಡಕೂಡದು. ಪೇಟೆಯಲ್ಲಿ ಸಿಗುವ ದಪ್ಪ ತೊಗಟೆಯ ಚಕ್ಕೆ ಬಹುಮಟ್ಟಿಗೆ ಕ್ಯಾಸಿಯ ಜಾತಿಯದು. ಅದರಲ್ಲಿರುವ ಕೂಮರಿನ್ ಎಂಬ ಅಂಶ ಅತಿಯಾದರೆ ಯಕೃತ್ತಿಗೆ ಹಾನಿಯೆಂದು ಜರ್ಮನಿಯ ಆಹಾರ ಸುರಕ್ಷತೆಯ ಸಂಸ್ಥೆ 2006ರಲ್ಲಿ ಕ್ರಿಸ್‌ಮಸ್ ಬಿಸ್ಕತ್ತುಗಳ ವಿಷಯದಲ್ಲೇ ಎಚ್ಚರಿಸಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಾಗದದಂತೆ ತೆಳುವಾಗಿ ಸುರುಳಿ ಸುತ್ತಿದ ಸಿಂಹಳದ ಚಕ್ಕೆ ಬಳಸುವುದು ಲೇಸು.

ಡಬ್ಬಿಯ ಪಾಠ

ಬೆಂದ ಲೆಬ್‌ಕೂಖನ್ ಮೊದಲ ದಿನಗಳಲ್ಲಿ ಹಲ್ಲಿಗೆ ಸವಾಲೆಸೆಯುತ್ತದೆ. ಅದನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ಜೊತೆಗೆ ಸೇಬಿನ ಒಂದು ಹೋಳನ್ನಿಟ್ಟು ಮುಚ್ಚುತ್ತಾರೆ. ಸೇಬಿನ ತೇವವನ್ನು ಜೇನು ಹೀರಿಕೊಂಡು ಬಿಸ್ಕತ್ತು ದಿನೇ ದಿನೇ ಮೃದುವಾಗುತ್ತದೆ. ಸಂಬಾರಗಳ ಘಮವೂ ಒಂದರೊಳಗೊಂದು ಬೆರೆಯುತ್ತದೆ. ಬೂಸು ಹಿಡಿಯದಂತೆ ಹೋಳನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಎರಡು ಮೂರು ವಾರಗಳ ಬಳಿಕ, ಸರಿಯಾಗಿ ಕ್ರಿಸ್‌ಮಸ್ ವೇಳೆಗೆ, ಅದು ತಿನ್ನಲು ಹದವಾಗಿರುತ್ತದೆ.

ಆ ಎರಡು ಮೂರು ವಾರ ಡಬ್ಬಿ ಕಪಾಟಿನಲ್ಲಿರುತ್ತದೆ. ಮಕ್ಕಳಿಗೆ ಅದು ಎಲ್ಲಿದೆಯೆಂದು ಗೊತ್ತು. ಮುಚ್ಚಳದ ಸಂದಿಯಿಂದ ಪರಿಮಳ ಬರುತ್ತದೆ. ತೆರೆಯಬಾರದೆಂಬುದೂ ಗೊತ್ತು. ಬರಲಿರುವುದು ಈಗಾಗಲೇ ಮನೆಯೊಳಗೆ ಇದೆ, ಆದರೆ ಇನ್ನೂ ಕೈಗೆ ಬಂದಿಲ್ಲ. ಆಗಮನ ಕಾಲದ ದೈವಶಾಸ್ತ್ರವನ್ನು ನಾವು ಪ್ರವಚನಪೀಠದಿಂದ ಎಷ್ಟು ವಿವರಿಸಿದರೂ ಏಳು ವರ್ಷದ ಮಗುವಿಗೆ ಅಷ್ಟು ಚೆನ್ನಾಗಿ ಅರ್ಥವಾಗಲಾರದು. ಸದ್ಗುಣವೆಂಬುದು ಅಭ್ಯಾಸದಿಂದ ಬರುವ ಗುಣವೆಂದು ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಬೋಧಿಸಿದರು. ಸಹನೆಯೂ ಹಾಗೆಯೇ. ಒಂದು ಡಬ್ಬಿಯ ಮುಂದೆ ಮೂರು ವಾರ ಕಾಯಲು ಕಲಿತ ಮಗು ಮುಂದೊಂದು ದಿನ ಕೆಲಸಕ್ಕಾಗಿ, ವಿವಾಹಕ್ಕಾಗಿ, ಕಾಯಿಲೆಯಿಂದ ಗುಣವಾಗುವುದಕ್ಕಾಗಿ, ಪ್ರಾರ್ಥನೆಯ ಉತ್ತರಕ್ಕಾಗಿ ಎದೆಗುಂದದೆ ಕಾಯಬಲ್ಲದು. ಕಾಯಲು ಕಲಿಯದ ಮಗುವಿಗೆ ಆ ಬಲವನ್ನು ದೊಡ್ಡವನಾದ ಮೇಲೆ ಯಾವ ಅಂಗಡಿಯಿಂದ ತಂದುಕೊಡೋಣ?

ಆದುದರಿಂದ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟು. ಈ ವರ್ಷ ಆಗಮನ ಕಾಲದ ಮೊದಲ ವಾರದಲ್ಲಿ ಒಂದು ಸಂಜೆ ಟಿ.ವಿ.ಯನ್ನೂ ಮೊಬೈಲನ್ನೂ ಪಕ್ಕಕ್ಕಿಟ್ಟು ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಸೇರಿ ಹಿಟ್ಟು ಕಲಸಿರಿ. ತಾಯಿಯೊಬ್ಬಳ ಮೇಲೆಯೇ ಭಾರ ಹೊರಿಸಬೇಡಿರಿ. ಸಂಬಾರ ಕುಟ್ಟುವಾಗ ಅಜ್ಜಿಯರು ತಮ್ಮ ಬಾಲ್ಯದ ಕ್ರಿಸ್‌ಮಸ್ಸಿನ ಕಥೆ ಹೇಳಲಿ. ಮಾಡಿದ ಬಿಸ್ಕತ್ತುಗಳನ್ನು ಎರಡು ಡಬ್ಬಿಗಳಲ್ಲಿ ತುಂಬಿರಿ. ಒಂದು ನಿಮ್ಮ ಮನೆಗೆ. ಕ್ರಿಸ್‌ಮಸ್ ಜಾಗರಣೆಯ ಬಲಿಪೂಜೆ ಮುಗಿಸಿ ಬಂದು, ಗೋದಲಿಯ ಮುಂದೆ ಪ್ರಾರ್ಥಿಸಿ ಅದನ್ನು ತೆರೆಯಿರಿ. ಇನ್ನೊಂದು ಡಬ್ಬಿ ಈ ಹಬ್ಬದಲ್ಲಿ ಯಾರೂ ಬಾಗಿಲು ತಟ್ಟಲಾರದ ಮನೆಗೆ ಹೋಗಲಿ. ಅದು ಯಾವ ಮನೆಯೆಂದು ನಿಮ್ಮ ಬೀದಿಯಲ್ಲಿ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ಕೊಂಡುಹೋಗಿ ಕೊಡುವ ಕೆಲಸವನ್ನು ಮಕ್ಕಳಿಗೇ ವಹಿಸಿರಿ.

ಎಲ್ಲ ಕುಟುಂಬಗಳಿಗೂ ಪವಿತ್ರವಾದ ಆಗಮನ ಕಾಲವನ್ನು ಹಾರೈಸುತ್ತೇವೆ.